ಹಲ್ಲಿನ ಸಂದು

ಇಳಿಯಬೇಕಾದ ಸ್ಟಾಪು ಬಂತು, ಅವನು ಇಳಿಯಲಿಲ್ಲ. ಬಸ್ಸು ನಿಂತಿತು, ಬಾಗಿಲು ಉಸ್ಸೆಂದು ತೆರೆಯಿತು, ಮಂಚ ಕುರ್ಚಿ ಮಾರುವ ಅಂಗಡಿಯ ಗಾಜಿನ ಹಿಂದೆ ಯಾರೂ ಮಲಗದ ಮಂಚಗಳು ಅಚ್ಚುಕಟ್ಟಾಗಿ ಕಂಡವು, ಅಂಗಡಿಯ ಮೇಲಿನ ಮಹಡಿಯಲ್ಲಿ ಭಾನುವಾರದ ಕುಣಿತಕ್ಕೆಂದು ತೆರೆದಿಟ್ಟಿದ್ದ ನೃತ್ಯಶಾಲೆಯ ಕಿಟಕಿಗಳೂ ಕಂಡವು. ಎಲ್ಲವನ್ನೂ ನೋಡುತ್ತ ಅವನು ತೊಡೆಯ ಮೇಲಿನ ಟ್ರಂಪೆಟ್ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದು ಕೂತೇ ಇದ್ದ. ಬಾಗಿಲು ಮುಚ್ಚಿತು. ಏನು ಮಹಾ, ಇದು ಊರು ಸುತ್ತುವ ಬಸ್ಸು, ಹೊರಟಲ್ಲಿಗೇ ಮತ್ತೆ ಬರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. "ಯಜಮಾನ್ರೇ, ನಿಮ್ಮ ಸ್ಟಾಪು ಹೋಯ್ತಲ್ಲಾ?" ಎಂದ ಕಂಡಕ್ಟರ್, ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರ ಇದೇ ಪೆಟ್ಟಿಗೆಯ ಜೊತೆ ಇವನನ್ನು ಅಲ್ಲೇ ಇಳಿಸುತ್ತಿದ್ದವನು. ಇವನು ತುಟಿ ಬಿಚ್ಚದೆ ಹ್ಞೂಂ ಎಂದ. ಬಿಚ್ಚುವಂತಿರಲಿಲ್ಲ. ಮುಂದಿನ ನಾಲ್ಕು ಮೇಲ್ಹಲ್ಲು ಬಾಯಲ್ಲಿರಲಿಲ್ಲ. ಕೋಟಿನ ಜೇಬಿನಲ್ಲಿ ಕರವಸ್ತ್ರ ಹೊದ್ದು ಕೂತಿದ್ದವು.

ನಾಲ್ಕು ತಿಂಗಳ ಹಿಂದೆ ಇಂಥದೇ ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರಿತ್ತು. ಬೀಳುವವನು ಕೈ ಊರುತ್ತಾನೆ, ಅದು ಲೋಕರೂಢಿ. ಇವನು ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದು, ಊರುವುದಕ್ಕೆ ಮುಖವನ್ನು ಕೊಟ್ಟ. ಟ್ರಂಪೆಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಆಸ್ಪತ್ರೆಗೆ ಓಡಿ ಬಂದ ಭಾವಮೈದ, ಹೆಂಡತಿಯ ತಮ್ಮ, ಇವನು ಊದುವ ಬ್ಯಾಂಡಿನಲ್ಲೇ ಡ್ರಮ್ಸ್ ಬಾರಿಸುವವನು, ಮೊದಲು ಪೆಟ್ಟಿಗೆ ತೆರೆದು ನೋಡಿ, ಆಮೇಲೆ ಇವನ ಮುಖ ನೋಡಿದ. "ಭಾವ, ಹಲ್ಲು ಬೇರೆ ಕಟ್ಟಿಸ್ಬಹುದು, ಇದನ್ನ ಎಲ್ಲಿ ಕಟ್ಟಿಸ್ತೀರಿ? ಬಿದ್ರೂ ಲಕ್ಷಣವಾಗೇ ಬಿದ್ದಿದೀರಿ ಬಿಡಿ" ಎಂದ. ಬಾಯಿ ತುಂಬ ಹತ್ತಿ ಇಟ್ಟುಕೊಂಡಿದ್ದವನಿಗೆ ನಗು ತಡೆಯಲಾಗದೆ ನೋವಾಗಿ, ನೋವಾದ್ದಕ್ಕೆ ಮತ್ತೆ ನಗು ಬಂದು, ದಾದಿ ಇಬ್ಬರಿಗೂ ಸೇರಿಸಿ ಗದರಿದ್ದಳು. ಆಗ ನಕ್ಕಿದ್ದೇ ನಕ್ಕಿದ್ದು.

ಹಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ, ಅದೇ ತೊಂದರೆ. ಇವನ ಹಳೆಯ ಹಲ್ಲುಗಳ ನಡುವೆ, ಎದುರಿನ ಎರಡರ ಮಧ್ಯೆ, ಒಂದು ಸಂದಿತ್ತು. ಕಾಗದದ ಮಡಿಕೆ ತೂರುವಷ್ಟು. ಇವನೋ ಅದನ್ನು ಹೇಳಲು ನಾಚಿಕೊಂಡ. ವಯಸ್ಸಾದ ಗಂಡಸು ದಂತವೈದ್ಯರ ಕುರ್ಚಿಯಲ್ಲಿ ಬಾಯಿ ಕಳೆದು ಕೂತು, ಡಾಕ್ಟ್ರೇ ನನಗೆ ಸಂದಿರೋ ಹಲ್ಲೇ ಬೇಕು ಅಂತ ಕೇಳುವುದು ಹೇಗೆ? ಡಾಕ್ಟರು ಉತ್ಸಾಹದಿಂದ, ಮುತ್ತು ಪೋಣಿಸಿದ ಹಾಗೆ, ಒಂದಕ್ಕೊಂದು ಅಂಟಿ ಕೂತ ನಾಲ್ಕು ಹಲ್ಲು ಮಾಡಿಸಿ, ತೆಗೆದು ಹಾಕಬಹುದಾದ ತೆಳುವಾದ ಪ್ಲೇಟಿನಲ್ಲಿ ಕೂರಿಸಿ ಕೊಟ್ಟರು. ಕನ್ನಡಿ ಹಿಡಿದು, "ಹೇಗೆ? ಮದುಮಗನ ಥರ ಕಾಣ್ತಿಲ್ವಾ?" ಎಂದು ಕೇಳಿದರು. ಇವನು ಹಲ್ಲು ಕಿರಿದು ಚೆನ್ನಾಗಿದೆ ಎಂದ. ಅಂಗಡಿಯವನು, ಪಕ್ಕದ ಮನೆಯಾಕೆ, ಎಲ್ಲರೂ ಹತ್ತು ವರ್ಷ ಕಡಿಮೆಯಾಯಿತು ಎಂದರು. ಮನೆಗೆ ಬಂದು ಟ್ರಂಪೆಟ್ ಎತ್ತಿ ಊದಿದರೆ, ಅಯ್ಯೋ ದೇವರೇ, ಅದು ಬೇರೆ ಯಾರದೋ ಗಂಟಲು. ಗಾಳಿ ಹೋಗಬೇಕಾದ ದಾರಿಯಲ್ಲಿ ಗೋಡೆ ಎದ್ದಿತ್ತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆ ಕಟ್ಟಿದವನಿಗೆ ಇವನ ಗತಿ ಗೊತ್ತಿರಲಿಲ್ಲ. ಇವನ ಬಳಿ ಹಲ್ಲೂ ಇತ್ತು, ಕಡಲೆಯೂ ಇತ್ತು, ಜಗಿಯಲು ಮಾತ್ರ ಆಗುತ್ತಿರಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕಾಳು ಅನ್ನುವ ಭಯ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಅದು ನಿಜವಾಗಿಬಿಡುತ್ತದೆ ಎನ್ನುವ ಭಯ. ಅವಳು ಹೊರಗೆ ಹೋದಾಗಲೋ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಾಗಲೋ ಮಲಗುವ ಕೋಣೆಯ ಬೀರು ತೆರೆದು, ತೂಗುಹಾಕಿದ ಬಟ್ಟೆಗಳೊಳಗೆ ಮುಖ ಹುದುಗಿಸಿ ಊದುತ್ತಿದ್ದ. ಮದುವೆಯಾದ ಹೊಸತರಿಂದ ಅಭ್ಯಾಸವೆಲ್ಲ ಬೀರುವಿನಲ್ಲೇ. ಆಗ ಗೋಡೆಯ ಆಚೆ ರಾತ್ರಿಪಾಳಿಯ ಕೆಲಸಗಾರನೊಬ್ಬ ಹಗಲು ಮಲಗುತ್ತಿದ್ದ. ಮೊದಲ ದಿನವೇ ಪೊರಕೆಯ ಹಿಡಿಯಿಂದ ಗೋಡೆ ಕುಟ್ಟಿದ. ಹೆಂಡತಿ ಬೀರುವಿನ ಬಾಗಿಲು ತೆಗೆದು, "ಇದರೊಳಗೆ ಊದಿ. ಬಟ್ಟೆ ಕುಡ್ಕೊಳ್ಳತ್ತೆ" ಎಂದಿದ್ದಳು. ಅವಳ ಉಣ್ಣೆಯ ಕೋಟು, ಕೆಲಸಕ್ಕೆ ಹಾಕಿಕೊಳ್ಳುವ ನೀಲಿ ಉಡುಪು, ಇವನ ಎರಡು ಷರಟು. ಬಟ್ಟೆ ಕುಡಿದು ಮಿಕ್ಕ ನಾದ ಮೆತ್ತಗೆ, ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಅದನ್ನೇ ಕೇಳಿ ಕೇಳಿ ಬೀರುವಿನ ಹೊರಗೂ ಅವನು ಹಾಗೇ ಊದತೊಡಗಿದ. ಒಂದು ಪತ್ರಿಕೆಯಲ್ಲಿ ಯಾರೋ ಪಂಡಿತರು ಇವನ ನಾದದಲ್ಲಿ ವಿಷಾದದ ಮಂಜು ಇದೆಯೆಂದು ಬರೆದಾಗ ಗಂಡಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಜೂ ಇಲ್ಲ ಮಣ್ಣೂ ಇಲ್ಲ, ನನ್ನ ಕೋಟು ಎಂದಳು ಅವಳು.

ಬಸ್ಸು ನದಿಯ ಪಕ್ಕದ ರಸ್ತೆಗೆ ಹೊರಳಿತು. ಬೆಂಕಿಪೊಟ್ಟಣದ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅಪ್ಪ ಅಲ್ಲಿ ಕಡ್ಡಿಗೆ ಮದ್ದು ಹಚ್ಚುವವನು. ಕಾರ್ಖಾನೆಯ ಬ್ಯಾಂಡಿಗೆ ಮಗನನ್ನು ಸೇರಿಸಿದ್ದೂ ಅವನೇ, ಬ್ಯಾಂಡಿನ ಹುಡುಗರಿಗೆ ಬೂಟು ಕೊಡುತ್ತಾರೆ ಅಂತ. ಬರೆದದ್ದನ್ನು ಬರೆದ ಹಾಗೆ ಊದಿಕೊಂಡು ಬೂಟು ಸವೆಸುತ್ತಿದ್ದವನು ಒಂದು ಸಂಜೆ ಮೇಲಿನ ಮನೆಯ ಹಡಗಿನ ಅಡುಗೆಯವನ ಬಳಿ ಒಂದು ರೆಕಾರ್ಡು ಕೇಳಿದ. ಅದರಲ್ಲಿ ಟ್ರಂಪೆಟ್ಟು ನಗುತ್ತಿತ್ತು. ಹೌದು, ನಗುತ್ತಿತ್ತು, ಬೇರೆ ಮಾತೇ ಇಲ್ಲ. ಓಡಿ ಹೋಗಿ ಅಪ್ಪನನ್ನು ಕರೆತಂದ. ಅಪ್ಪ ಹಳದಿ ಬೆರಳುಗಳನ್ನು ಮಂಡಿಯ ಮೇಲಿಟ್ಟುಕೊಂಡು ಗಂಭೀರವಾಗಿ ಕೇಳಿದ. "ಇದನ್ನ ಬರ್ಕೊಟ್ಟೋರು ಯಾರು?" "ಯಾರೂ ಬರ್ದಿಲ್ಲಪ್ಪ, ಆಗಿಂದಾಗ್ಲೇ ಹುಟ್ಟಿಸ್ತಾರೆ." "ಹಂಗಾದ್ರೆ ತಪ್ಪಾದ್ರೆ ಬೈಯೋರು ಯಾರು?" "ಯಾರೂ ಇಲ್ಲ." ಅಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಹಾಕು" ಎಂದ. ಬೈಯುವವರಿಲ್ಲದ ಕೆಲಸವೊಂದು ಲೋಕದಲ್ಲಿದೆ ಎಂದು ಇಬ್ಬರಿಗೂ ಗೊತ್ತಾದದ್ದು ಅವತ್ತೇ. ಬೈಯುವವರು ಧಾರಾಳವಾಗಿ ಇದ್ದರು ಎನ್ನುವುದು ಆಮೇಲಿನ ಮಾತು. ಹೋಟೆಲುಗಳಲ್ಲಿ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಿಡುತ್ತಿದ್ದರು. ಇವನೊಬ್ಬನೇ ಊದುವ ಸೋಲೊದ ಮಧ್ಯೆ ಒಬ್ಬಾಕೆ ವೇದಿಕೆಗೇ ಬಂದು, "ನನ್ನ ಮಗು ಈಗ ತಾನೇ ಮಲಗಿದೆ. ಎದ್ರೆ ನಿಮ್ಮ ಕೈಗೇ ಕೊಡ್ತೀನಿ ನೋಡಿ" ಎಂದಿದ್ದಳು. ರೇಡಿಯೊದಲ್ಲಿ ಇವನ ಸೋಲೊ ಮೊದಲ ಸಲ ಬಂದಾಗ ಇವನು ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಇದು ನಂದೇ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕ್ಷೌರಿಕ ಥತ್ ಎಂದು ಬೇರೆ ಸ್ಟೇಷನ್ ತಿರುಗಿಸಿದ. ಬಾಯಿಗೆ ನೊರೆ ಹೋಯಿತು. ಅದನ್ನು ನೆನೆದರೆ ಈಗಲೂ ಖುಷಿ.

ಹೆಂಡತಿ ಸಿಕ್ಕಿದ್ದೂ ಹಾಗೇ, ತಂತಿಯಲ್ಲಿ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದೂರದ ಒಂದು ಹೋಟೆಲಿನಿಂದ ಇವನು ಅಪ್ಪನಿಗೆ ಟ್ರಂಕ್ ಕಾಲ್ ಕೇಳಿದ. ನಂಬರು ಬರೆದುಕೊಂಡು ಅವಳು, "ಒಂದ್ನಿಮಿಷ, ನಿಮ್ಮ ಮುಂದಿನ ಹಲ್ಲಲ್ಲಿ ಸಂದಿದೆಯಾ?" ಎಂದಳು. ಇವನು ತಬ್ಬಿಬ್ಬಾದ. "ಸ ಅನ್ನುವಾಗ ಸಣ್ಣ ಸಿಳ್ಳೆ ಬರತ್ತೆ. ಇಡೀ ದಿನ ಕಿವೀಲೇ ಬದುಕೋರು ನಾವು, ಗೊತ್ತಾಗತ್ತೆ. ಲೈನಲ್ಲಿರಿ, ಸಂಪರ್ಕ ಕೊಡ್ತೀನಿ" ಎಂದು ನಕ್ಕಳು. ಸಂಪರ್ಕ ಕೊಟ್ಟಳು. ಅಪ್ಪನ ಜೊತೆ ಏನು ಮಾತಾಡಿದನೋ ಅವನಿಗೇ ನೆನಪಿಲ್ಲ. ಅಷ್ಟು ಕಿವಿ ಇದ್ದವಳು ಸಂಸಾರ ಹೂಡಿದ ಮೇಲೆ ಇವನ ಒಂದು ಕಚೇರಿಯನ್ನೂ ಮುಂದಿನ ಸಾಲಲ್ಲಿ ಕೂತು ಕೇಳಲಿಲ್ಲ ಎನ್ನುವುದು ಇವನೊಳಗೆ ಸದಾ ಮುಳ್ಳಿನಂತೆ ಚುಚ್ಚುತ್ತಿದ್ದ ಒಂದು ಕೊರಗು. ಬರುತ್ತಿದ್ದಳು, ಬರುತ್ತೇನೆ ಎಂದು ಹೇಳಿ ಬರುತ್ತಿದ್ದಳು. ಆದರೆ ದೀಪಗಳ ಆಚೆ ಎಲ್ಲಿ ಹುಡುಕಿದರೂ ಕಾಣುತ್ತಿರಲಿಲ್ಲ. ಮುಗಿದ ಮೇಲೆ ಬಾಗಿಲ ಬಳಿ ಚೀಲ ಹಿಡಿದು ನಿಂತಿರುತ್ತಿದ್ದಳು. "ಹೇಗಿತ್ತೇ?" "ಚೆನ್ನಾಗಿತ್ತು. ನಡೀರಿ, ಬಸ್ಸು ತಪ್ಪತ್ತೆ." ಬಹುಶಃ ಗಲಾಟೆ ಅವಳಿಗೆ ಹಿಡಿಸುವುದಿಲ್ಲ, ಮೆಟ್ಟಿಲ ಕೆಳಗೆ ಯಾರ ಜೊತೆಗೋ ಹರಟುತ್ತಾ ಇರುತ್ತಾಳೆ ಎಂದು ಇವನು ತೀರ್ಮಾನಿಸಿದ್ದ. ಕೇಳುವ ಧೈರ್ಯ ಬಂದಿರಲಿಲ್ಲ.

ಇವತ್ತು ಬೆಳಿಗ್ಗೆ ಜೇಬಿಗೆ ಕರವಸ್ತ್ರ ತುರುಕಿದವಳು ಅವಳೇ. ಸೋಮವಾರದಿಂದ ಇವನು ಅಭ್ಯಾಸವನ್ನೇ ಬಿಟ್ಟು, ಹಲ್ಲಿನ ಪ್ಲೇಟನ್ನು ಪಿಂಗಾಣಿ ಬಟ್ಟಲಿನ ನೀರಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಆ ಕಡೆ ತಲೆ ಹಾಕಿರಲಿಲ್ಲ. ಅವಳೂ ತನ್ನ ಪಾಡಿಗೆ ತಾನಿದ್ದಳು. ಬುಧವಾರ ದವಡೆಹಲ್ಲು ನೋವೆಂದು ಅದೇ ಡಾಕ್ಟರ ಹತ್ತಿರ ಹೋಗಿ ಬಂದಳು, ನಡುಮನೆಯ ಗೋಡೆಯಿಂದ ಮದುವೆಯ ಫೋಟೊ ಇಳಿಸಿ ಗಾಜು ಬದಲಾಯಿಸಲು ಕೊಟ್ಟೆನೆಂದಳು. ಮೊಳೆಯ ಕೆಳಗೆ ಗೋಡೆ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು. "ಹಲ್ಲು ಜೇಬಲ್ಲಿದೆ. ಬಾಯಲ್ಲಿಟ್ಕೊಳ್ಳೋದು ನಿಮಗೆ ಬಿಟ್ಟಿದ್ದು" ಎಂದಳು. ದಾರಿಯುದ್ದಕ್ಕೂ ನೋಯುತ್ತದೆ, ಅಲ್ಲಿಗೆ ಹೋಗಿಯೇ ಹಾಕಿಕೊಳ್ಳುತ್ತೇನೆ ಎಂದ ಇವನು. ನೋವಿನ ಮಾತು ಸುಳ್ಳು. ಅದನ್ನು ಹಾಕಿಕೊಂಡರೆ ಊದಲೇಬೇಕಾದ ಮನುಷ್ಯನಾಗುತ್ತೇನೆ ಎಂಬ ಅಳುಕು, ಅಷ್ಟೆ.

ಊದಲೇಬೇಕಿತ್ತು. ಭಾವಮೈದ ಶುಕ್ರವಾರ ಬಂದು ನೇರವಾಗಿ ಹೇಳಿದ್ದ: "ಭಾವ, ಈ ಭಾನುವಾರ ನೃತ್ಯಶಾಲೆ ಮ್ಯಾನೇಜರು ಕೂತು ಕೇಳ್ತಾರಂತೆ. ನೀವು ಬರಬೇಕು. ಇಲ್ಲಾಂದ್ರೆ ಆ ಹುಡುಗೀನೇ ಖಾಯಂ ಮಾಡ್ತಾರೆ. ನನ್ನ ಕೈಲಿ ಏನೂ ಇಲ್ಲ." ಆ ಹುಡುಗಿ ಎಂದರೆ ಟೈಲರ್ ಮಗಳು, ಇವನ ಬದಲಿಗೆ ಬಂದು ಕೂತವಳು. ಅವಳ ಹೆಸರೆತ್ತಿದರೆ ಇವನ ಕಿವಿ ಬಿಸಿಯಾಗುತ್ತಿತ್ತು; ಕಾರಣ ಅವಳಲ್ಲ. ಹೋದ ತಿಂಗಳು ಹೆಂಡತಿಗೆ ವಾಯುವಿಹಾರ ಎಂದು ಹೇಳಿ ಬಂದು, ನೃತ್ಯಶಾಲೆಯ ಮೆಟ್ಟಿಲ ತಿರುವಿನಲ್ಲಿ ಕಳ್ಳನ ಹಾಗೆ ನಿಂತು ಅವಳು ಊದುವುದನ್ನು ಕೇಳಿದ್ದ. ಚೆನ್ನಾಗಿ ಊದುತ್ತಿದ್ದಳು, ಕೆಂಡದ ಮೇಲೆ ನಡೆಯುವವಳ ಹಾಗೆ ಚುರುಕಾಗಿ. ಕೇಳುತ್ತ ಕೇಳುತ್ತ ಇವನ ಹೊಟ್ಟೆಯೊಳಗೆ ಏನೋ ಉರಿಯಿತು. ಆಗ ಮೇಲಿನ ಒಂದು ಸ್ವರ ಅವಳ ತುಟಿಯಿಂದ ಜಾರಿ ಚೂರಾಯಿತು, ಪಾತ್ರೆ ಬಿದ್ದ ಹಾಗೆ. ಇವನಿಗೆ ಎಂಥ ಆನಂದವಾಯಿತೆಂದರೆ ಕೈ ತಟ್ಟುವುದೊಂದು ಬಾಕಿ. ತಲೆಯೆತ್ತಿದರೆ ತಿರುವಿನಲ್ಲಿ ತೂಗುಹಾಕಿದ್ದ ಕನ್ನಡಿಯಲ್ಲಿ ಒಬ್ಬ ಮುದುಕ ಮುತ್ತಿನಂಥ ಹಲ್ಲು ತೋರಿಸಿ ನಗುತ್ತಿದ್ದ. ಯಾರ ಹಲ್ಲು ಅದು? ಯಾರ ನಗು? ಭಾವಮೈದ ಸಿಗರೇಟಿಗೆಂದು ಕೆಳಗೆ ಬರುವ ಸದ್ದಾಗಿ, ಇವನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳ ಹಿಂದೆ ಬಗ್ಗಿ ಕೂತ. ಈ ವಯಸ್ಸಿನಲ್ಲಿ, ಮಂಡಿ ನೋವಿಟ್ಟುಕೊಂಡು. ಛೆ.

ಬಸ್ಸು ಸುತ್ತು ಮುಗಿಸಿ ಮತ್ತೆ ಆ ಮಂಚಗಳ ಎದುರು ನಿಂತಿತು. "ಈಗಾದ್ರೂ ಇಳೀತೀರೋ, ಮನೆಗೇ ಬಿಡ್ಲೋ?" ಎಂದ ಕಂಡಕ್ಟರ್. ಇವನು ಇಳಿದ. ಧೈರ್ಯ ಬಂತೆಂದಲ್ಲ, ಮೂರನೆಯ ಸಲ ಆ ಮಂಚಗಳನ್ನು ನೋಡಲು ನಾಚಿಕೆಯಾಯಿತು. ಕನ್ನಡಿಯ ಕಡೆ ನೋಡದೆ ಮೆಟ್ಟಿಲು ಹತ್ತಿದರೆ ಬ್ಯಾಂಡು ಆಗಲೇ ಮೊದಲ ಎರಡು ಹಾಡು ಮುಗಿಸಿತ್ತು. ತುಟಿ ಬೆಚ್ಚಗೆ ಮಾಡಿಕೊಳ್ಳಲೂ ಸಮಯವಿರಲಿಲ್ಲ. "ಎಲ್ಲಿ ಹಾಳಾಗಿ ಹೋಗಿದ್ರಿ ಭಾವ?" ಎಂದು ಭಾವಮೈದ ಹಲ್ಲು ಕಚ್ಚಿ ಪಿಸುಗುಟ್ಟಿದ. ಟೈಲರ್ ಮಗಳು ಎದ್ದು ಪಕ್ಕದ ಕುರ್ಚಿಗೆ ಸರಿದು, "ಬನ್ನಿ ಅಂಕಲ್, ನಿಮ್ಮ ಜಾಗ ಬೆಚ್ಚಗಿಟ್ಟಿದೀನಿ" ಎಂದಳು. ಅಂಕಲ್! ಅದು ಕುಹಕವೋ ಅಕ್ಕರೆಯೋ ತಿಳಿಯದೆ ಇವನು ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದ. ಎದುರಿನ ಮೇಜಿನಲ್ಲಿ ಮ್ಯಾನೇಜರು ಕೈಕಟ್ಟಿ ಕೂತಿದ್ದರು. ಮುಂದಿನ ಸಾಲಲ್ಲಿ ಹೆಂಡತಿ ಇರಲಿಲ್ಲ. ಗೊತ್ತಿದ್ದದ್ದೇ, ಆದರೂ ನೋಡಿದ. ಭಾವಮೈದ ಕೋಲುಗಳನ್ನು ಬಡಿದು, "ಬೀರು" ಎಂದ.

ಬೀರು ಇವನೇ ಕಟ್ಟಿದ ಹಾಡು. ಬಟ್ಟೆಗಳೊಳಗೆ ಹುಟ್ಟಿದ್ದಕ್ಕೆ ಬ್ಯಾಂಡಿನವರು ಇಟ್ಟ ಹೆಸರು. ನಿಧಾನವಾದ ಸುತ್ತು, ಒಂದು ಸಲ ಪೂರ್ತಿ ಬಂದ ಮೇಲೆ ಮತ್ತೆ ಮೊದಲಿಂದ, ಪ್ರತಿ ಸುತ್ತಿಗೂ ಒಬ್ಬೊಬ್ಬರು ತಮಗೆ ತೋಚಿದ್ದನ್ನು ಹೇಳಬೇಕು. ಮೊದಲ ಸುತ್ತು ಇವನದು. ಬಂತು, ಇವನು ಟ್ರಂಪೆಟ್ ಎತ್ತಲಿಲ್ಲ. ಪಿಯಾನೊದವನು ಕಣ್ಣಗಲಿಸಿ ಖಾಲಿ ಜಾಗವನ್ನು ತುಂಬಿಕೊಂಡ. ಮ್ಯಾನೇಜರು ಗಡಿಯಾರ ನೋಡಿದರು. ಇವನು ಗೋಡೆಯ ಕಡೆ ತಿರುಗಿ ಕರವಸ್ತ್ರ ಬಿಚ್ಚಿ, ಕಣ್ಣುಮುಚ್ಚಿ, ಕಹಿ ಔಷಧಿ ನುಂಗುವವನಂತೆ ಹಲ್ಲು ಹಾಕಿಕೊಂಡ. ಅಭ್ಯಾಸಬಲದಿಂದ ನಾಲಿಗೆ ಹಲ್ಲಿನ ಹಿಂಬದಿಯನ್ನು ಸವರಿತು. ನಾಲಿಗೆ ನಿಂತಿತು. ಮಧ್ಯದಲ್ಲಿ ಏನೋ ತೆರೆದಿತ್ತು. ಮುರಿಯಿತು! ಬಸ್ಸಿನಲ್ಲಿ ಅದರ ಮೇಲೇ ಕೂತೆನೇನೋ, ಪ್ಲೇಟು ಸೀಳಿಹೋಯಿತು, ಕಥೆ ಮುಗಿಯಿತು ಎಂದುಕೊಂಡ. ನಾಲಿಗೆ ಮತ್ತೆ ಹೋಗಿ ನೋಡಿತು. ಸೀಳಿರಲಿಲ್ಲ. ಅಂಚು ನುಣುಪಾಗಿತ್ತು. ಕಾಗದದ ಮಡಿಕೆ ತೂರುವಷ್ಟು, ಹುಟ್ಟಿದಾಗಿನಿಂದ ಇದ್ದಷ್ಟು. ಯೋಚಿಸಲು ಬಿಡುವಿಲ್ಲದೆ ಸುತ್ತು ಮತ್ತೆ ಮೊದಲಿಗೆ ಬಂತು, ಭಾವಮೈದ ಸಿಟ್ಟಿನಿಂದಲೋ ಪ್ರಾರ್ಥನೆಯಿಂದಲೋ ತಾಳವನ್ನೊಮ್ಮೆ ಅದುರಿಸಿದ, ಇವನು ಎತ್ತಿ ಊದಿದ.

ಬಂತು. ಗಾಳಿ ತನ್ನ ಹಳೆಯ ದಾರಿ ಕಂಡುಕೊಂಡು ಬಂತು. ಮೊದಲ ಸ್ವರವನ್ನು ಅವನು ಎಷ್ಟು ಹೊತ್ತು ಹಿಡಿದನೆಂದರೆ ಮುಂದಿನದಕ್ಕೆ ಹೋಗುವುದೇ ಮರೆಯಿತು. ಅಯ್ಯಾ, ಎಲ್ಲಿದ್ದೆ ನೀನು ಇಷ್ಟು ದಿನ ಎಂದು ಅದನ್ನೇ ಕೇಳುತ್ತ ನಿಂತ. ಆಮೇಲೆ ಕೆಳಗಿನ ಸ್ವರಗಳಲ್ಲಿ ಅಡ್ಡಾಡಿದ, ಊರಿಗೆ ಬಂದವನು ಮೊದಲು ಕೋಣೆ ಕೋಣೆ ನೋಡುವ ಹಾಗೆ. ಅಪ್ಪನ ಹಳದಿ ಬೆರಳು, ನೊರೆಯ ರುಚಿ, ನೀಲಿ ಉಡುಪಿನ ತೋಳು, ಲೈನಲ್ಲಿರಿ ಸಂಪರ್ಕ ಕೊಡ್ತೀನಿ. ಕುಣಿಯುವವರು ಕುಣಿಯುತ್ತಿದ್ದರು, ಒಬ್ಬಳು ಚಪ್ಪಲಿ ಕಳಚಿ ಬಿದ್ದರೂ ಬರಿಗಾಲಲ್ಲೇ ಕುಣಿದಳು. ಕೊಬ್ಬೇರಿತು ಇವನಿಗೆ, ಮೇಲಿನ ಆ ಸ್ವರಕ್ಕೆ ಕೈ ಚಾಚಿದ. ನಾಲ್ಕು ತಿಂಗಳು ಸರಿಯಾಗಿ ಊದದ ತುಟಿ ಕೈಕೊಟ್ಟಿತು. ಸ್ವರ ಚೂರಾಯಿತು, ಪಾತ್ರೆ ಬಿದ್ದ ಹಾಗೇ, ಅವಳದು ಬಿದ್ದ ಜಾಗದಲ್ಲೇ. ಸರಿಯಾಯಿತು ನನಗೆ ಎಂದುಕೊಂಡ. ಅಷ್ಟರಲ್ಲಿ ಪಕ್ಕದ ಕುರ್ಚಿಯ ಹುಡುಗಿ ಕೂತಲ್ಲಿಂದಲೇ ಟ್ರಂಪೆಟ್ ಎತ್ತಿ, ಆ ಒಡೆದ ಸದ್ದನ್ನೇ, ಬೇಕೆಂದೇ ಒಡೆದು, ಮತ್ತೆ ಊದಿದಳು. ಮುಂದೆ ಎರಡು ಸ್ವರ ಸೇರಿಸಿ ಅದನ್ನೊಂದು ಪ್ರಶ್ನೆ ಮಾಡಿಬಿಟ್ಟಳು. ಇವನು ಬೆಪ್ಪಾಗಿ ನೋಡಿದ. ಅವಳು ಹುಬ್ಬು ಹಾರಿಸಿದಳು: ಹ್ಞೂಂ, ಉತ್ತರ ಕೊಡಿ. ಇವನು ಇನ್ನೂ ಕೆಟ್ಟದಾಗಿ ಒಡೆದು ಉತ್ತರ ಕೊಟ್ಟ. ಅವಳು ಅದಕ್ಕಿಂತ ಕೆಟ್ಟದಾಗಿ. ಇಬ್ಬರೂ ಪಾತ್ರೆ ಬೀಳಿಸುತ್ತ ಬೀಳಿಸುತ್ತ ಸುತ್ತಿನ ಮೇಲೆ ಸುತ್ತು ಹೋದರು, ಭಾವಮೈದ ತಡೆಯಲಾರದೆ ಕೇಕೆ ಹಾಕಿದ, ಮತ್ತು ಟ್ರಂಪೆಟ್ಟು, ಹಡಗಿನ ಅಡುಗೆಯವನ ಕೋಣೆಯಲ್ಲಿ ಕೇಳಿದ್ದ ಹಾಗೆ, ನಕ್ಕಿತು.

ವಿರಾಮದಲ್ಲಿ ಭಾವಮೈದ ಬೆವರು ಒರೆಸಿಕೊಳ್ಳುತ್ತ ಬಂದ. "ಎರಡೂ ಕುರ್ಚಿ ಇರ್ಲಿ ಅಂದ್ರು ಮ್ಯಾನೇಜರು. ಅವರಿಗೆ ಸಂಗೀತ ಗಿಂಗೀತ ಗೊತ್ತಿಲ್ಲ ಭಾವ, ಆದ್ರೆ ಕೊನೆ ಸುತ್ತಿಗೆ ಅವರೇ ಎದ್ದು ಕುಣಿದ್ರು." ಇವನು ಹುಡುಗಿಯ ಕಡೆ ತಿರುಗಿದ. ಮೆಟ್ಟಿಲ ಮಾತು ಬಾಯಿಗೆ ಬಂತು, ಹೇಳಲಾಗಲಿಲ್ಲ. "ನೀನು ನನ್ನನ್ನ ಉಳಿಸ್ದೆ ಕಣಮ್ಮ" ಎಂದ. "ಅಯ್ಯೋ ಬಿಡಿ ಅಂಕಲ್, ನಂದೂ ಅಲ್ಲೇ ಒಡೆಯೋದು" ಎಂದು ಅವಳು ನೀರು ಕುಡಿದಳು. ಅಂಕಲ್ ಅನ್ನುವುದು ಅಷ್ಟೇನೂ ಕೆಟ್ಟ ಮಾತಲ್ಲ ಅನ್ನಿಸಿತು ಇವನಿಗೆ. ಮತ್ತೆ ನಾಲಿಗೆ ಸಂದಿಗೆ ಹೋಯಿತು. ಬುಧವಾರ, ದವಡೆಹಲ್ಲು, ಗೋಡೆಯ ಬೆಳ್ಳನೆ ಚೌಕ, ಮದುವೆಯ ಫೋಟೊದಲ್ಲಿ ಹಲ್ಲು ಬಿಟ್ಟು ನಿಂತ ಮದುಮಗ. "ನಿಮ್ಮಕ್ಕ ಎಲ್ಲಿ?" ಎಂದು ಕೇಳಿದ. "ಇನ್ನೆಲ್ಲಿ, ಯಾವಾಗ್ಲೂ ಇರೋ ಕಡೆ. ಕೆಳಗೆ, ಕೋಟು ತೂಗುಹಾಕೋ ಕೋಣೇಲಿ. ಇಷ್ಟು ವರ್ಷದಲ್ಲಿ ನಿಮಗೆ ಗೊತ್ತೇ ಇಲ್ವಾ ಭಾವ?"

ಗೊತ್ತಿರಲಿಲ್ಲ. ಇವನು ಮೆಟ್ಟಿಲು ಇಳಿದು ಆ ಸಣ್ಣ ಕೋಣೆಯ ಬಾಗಿಲು ತಳ್ಳಿದ. ಜನರ ಕೋಟುಗಳು ಸಾಲಾಗಿ ತೂಗುತ್ತಿದ್ದವು, ಉಣ್ಣೆಯವು, ಮಳೆಯವು, ಒದ್ದೆಯವು. ಅವುಗಳ ನಡುವೆ, ಒಂದು ಸ್ಟೂಲಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಎರಡೂ ಕಡೆಯ ತೋಳುಗಳು ಕೆನ್ನೆಗೆ ತಾಗುವಂತೆ ಅವಳು ಕೂತಿದ್ದಳು. ಚೀಲದಿಂದ ಮದುವೆಯ ಫೋಟೊದ ಚೌಕಟ್ಟು ಇಣುಕುತ್ತಿತ್ತು. ಗಾಜು ಹಳೆಯದೇ.

"ಇಲ್ಲೇನೇ ಮಾಡ್ತಿದೀಯ?"

"ಕೇಳ್ತಿದೀನಿ."

"ಇಲ್ಲಿಂದಾ? ಮುಂದಿನ ಸಾಲು ಇಡೀ ಖಾಲಿ ಇದೆ!"

"ಅಲ್ಲಿ ಕೂತ್ರೆ ಟ್ರಂಪೆಟ್ ಕೇಳ್ಸತ್ತೆ. ಅದು ಎಲ್ಲರಿಗೂ ಕೇಳ್ಸತ್ತೆ. ಇಲ್ಲಿ ಕೂತ್ರೆ ನೀವು ಕೇಳಿಸ್ತೀರ" ಎಂದಳು. "ಬಟ್ಟೆ ಇಲ್ದೆ ನಂಗೆ ನಿಮ್ಮ ಗುರುತೇ ಹತ್ತಲ್ಲ."

ಮುಂದಿನ ಸಾಲನ್ನು ಹುಡುಕಿ ಹುಡುಕಿ ಸವೆಸಿದ ಸಂಜೆಗಳೆಲ್ಲ ಒಟ್ಟಿಗೆ ಎದೆಗೆ ಬಂದು ನಿಂತವು. ಈ ಸ್ಟೂಲು, ಈ ಕೋಟುಗಳು, ಇವಳು. "ಮತ್ತೆ ಹಲ್ಲು..." ಎಂದ.

"ಎರಡು ತಿಂಗಳಿಂದ ಕೇಳ್ತಿದೀನಿ ಬೀರೂಲಿ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡೀತಂತೆ, ಹಂಗೆ ನಲ್ಲಿ ಬಿಟ್ಟಾಗ ಊದೋದು! ನೀವಾಗೇ ಹೇಳ್ತೀರೇನೋ ಅಂತ ಕಾದೆ. ನೀವು ಜನ್ಮದಲ್ಲಿ ಹೇಳೋರಲ್ಲ. ಆ ಡಾಕ್ಟ್ರೋ, ಫೋಟೊ ತೋರ್ಸಿದ್ರೆ, ಅಮ್ಮಾ ಇದು ದೋಷ, ನಾನು ಸರಿ ಮಾಡಿದೀನಿ ಅಂತಾರೆ. ನಾನಂದೆ, ಸ್ವಾಮಿ, ನಾನು ಆ ದೋಷಾನೇ ಮದುವೆ ಆಗಿದ್ದು. ವಾಪಸ್ ಮಾಡಿ." ಅವಳು ನಗುತ್ತಿದ್ದಳು, ಕಣ್ಣು ಮಾತ್ರ ಕೋಟಿನ ತೋಳಿಗೆ ಒತ್ತಿಕೊಂಡಳು. "ಸರಿಯಾಗಿದೆಯೋ ಇಲ್ವೋ ನೋಡ್ಬೇಕು. ಎಲ್ಲಿ, ಸರಿ ಅನ್ನಿ."

"ಸರಿ" ಎಂದ ಅವನು. ಆ ಸಣ್ಣ ಸಿಳ್ಳೆ ಕೋಟುಗಳ ನಡುವೆ ಹಾರಿಹೋಯಿತು. ಅವಳು ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿದಳು.

ಮೇಲಿನಿಂದ ಭಾವಮೈದ ಕೋಲು ಬಡಿಯುವ ಸದ್ದು ಬಂತು, ಎರಡನೆಯ ಭಾಗಕ್ಕೆ ಕರೆ. "ನಡೀರಿ ನಡೀರಿ, ನಿಮ್ಮ ಹುಡುಗಿ ಕಾಯ್ತಿದಾಳೆ" ಎಂದಳು ಅವಳು. ಮುಂದಿನ ಸಾಲಿಗೆ ಬಾ ಎಂದು ಅವನು ಇನ್ನೊಮ್ಮೆ ಕರೆಯಲಿಲ್ಲ. ದಪ್ಪ ಉಣ್ಣೆಯ ಕೋಟೊಂದನ್ನು ದೂರದ ಮೊಳೆಯಿಂದ ತೆಗೆದು ಅವಳ ಹತ್ತಿರಕ್ಕೆ ತೂಗುಹಾಕಿದ. ಹೊರಗೆ ಬಂದು, ಮನೆಯ ಬೀರುವಿನ ಬಾಗಿಲು ಎಷ್ಟು ತೆರೆದಿರುತ್ತದೋ ಅಷ್ಟೇ ತೆರೆದಿಟ್ಟು, ಎರಡೆರಡು ಮೆಟ್ಟಿಲು ಹತ್ತುತ್ತ ಮೇಲೆ ಹೋದ.